ಬೋರರ್ ಕೊರೆದ ಕಾಫಿ ಮರದ ಪೆನ್ನು: ಹುಳುಕಿಗೆ ರೆಸಿನ್ ತುಂಬುವ ಕ್ರಮ

ಬಿಳಿ ಕಾಂಡಕೊರಕ (ಬೋರರ್) ಹುಳು ಹತ್ತಿದ ಅರೇಬಿಕಾ ಕಾಫಿ ಗಿಡವನ್ನು ತೋಟದಲ್ಲಿ ಉಳಿಸಿಕೊಳ್ಳುವ ಹಾಗಿಲ್ಲ. ಬುಡಸಮೇತ ಕಿತ್ತು ಸುಡುತ್ತಾರೆ. ಚಿಕ್ಕಮಗಳೂರು, ಕೊಡಗು, ಹಾಸನದ ತೋಟಗಳಿಂದ ಹೀಗೆ ಒಲೆ ಸೇರುವ ಕಾಂಡಗಳಲ್ಲಿ ಪೆನ್ನಿಗೆ ಹೇಳಿ ಮಾಡಿಸಿದಂಥ ಮರವಿದೆ. ಗಟ್ಟಿ ಮರ, ಸಣ್ಣ ಎಳೆ, ಬೆಣ್ಣೆಯಿಂದ ತಿಳಿಗಂದಿನವರೆಗಿನ ಬಣ್ಣ, ಹರಿತವಾದ ಉಳಿ ಹಿಡಿದರೆ ಲೇತ್‌ನ (ಮರವನ್ನು ತಿರುಗಿಸಿ ಕಡೆಯುವ ಯಂತ್ರದ) ಮೇಲೇ ನುಣುಪು ಬರುತ್ತದೆ. ತೊಂದರೆ ಒಂದೇ, ಒಳಗೆಲ್ಲ ಹುಳು ಕೊರೆದ ಸುರಂಗ. ಆ ಸುರಂಗಗಳಿಗೆ ರೆಸಿನ್, ಅಂದರೆ ಸುರಿದ ಮೇಲೆ ಗಟ್ಟಿಯಾಗುವ ದ್ರವ, ಸರಿಯಾಗಿ ತುಂಬಿದರೆ ಪೆನ್ನಿಗೆ ಅವೇ ಚಂದ. ಅರೆಬರೆ ತುಂಬಿದರೆ ಕೊನೆಯ ಅರ್ಧ ಮಿಲಿಮೀಟರ್ ಕಡೆಯುವಾಗ ಚೂರು ಹಾರಿ, ಅಷ್ಟು ಹೊತ್ತಿನ ಕೆಲಸವೆಲ್ಲ ಹಾಳಾಗುತ್ತದೆ.

ಇಲ್ಲಿ ಹೇಳಿರುವ ಕ್ರಮ ಗಂಟು ಬಿದ್ದ ತೇಗಕ್ಕೂ ಸೀಳು ಬಿಟ್ಟ ಹುಣಸೆ ಚೇಗಿಗೂ ಹೊಂದುತ್ತದೆ. ಕಾಫಿ ಮರವನ್ನು ಆರಿಸಿಕೊಂಡದ್ದು ಏಕೆಂದರೆ ಅದರಲ್ಲಿ ಎಲ್ಲ ಬಗೆಯ ದೋಷಗಳೂ ಒಟ್ಟಿಗೇ ಸಿಗುತ್ತವೆ: ಕೂದಲೆಳೆಯ ಬಿರುಕು, ನಡುವಿನ ಮೆತ್ತನೆಯ ತಿರುಳು, ಪುಡಿ ತುಂಬಿದ ಸುರಂಗ, ಮಳೆಯಲ್ಲಿ ಬಿದ್ದು ಬೆಂಡಾದ ಭಾಗ.

ಮೊದಲು ಒಂದು ಲೆಕ್ಕ

ಸಾಮಾನ್ಯ ಸ್ಲಿಮ್‌ಲೈನ್ ಕಿಟ್‌ನ (ತೆಳು ಪೆನ್ನಿನ ಸಿದ್ಧ ಬಿಡಿಭಾಗಗಳ) ಹಿತ್ತಾಳೆ ಟ್ಯೂಬಿಗೆ ಮರದಲ್ಲಿ 7 ಮಿ.ಮೀ. ರಂಧ್ರ ಬೇಕು. ಕಡೆಯುವಾಗ ಅಳತೆಗೆಂದು ತುದಿಯಲ್ಲಿ ಕೂರಿಸುವ ಲೋಹದ ಬಳೆ, ಅಂದರೆ ಬುಶಿಂಗ್, ಸುಮಾರು 8.3 ಮಿ.ಮೀ. ಇರುತ್ತದೆ. ಅಂದರೆ ಪೆನ್ನು ಮುಗಿದಾಗ ತುದಿಗಳಲ್ಲಿ ಟ್ಯೂಬಿನ ಮೇಲೆ ಉಳಿಯುವ ಮರದ ದಪ್ಪ 0.6ರಿಂದ 0.7 ಮಿ.ಮೀ. ಮಾತ್ರ. ದಪ್ಪ ಕಿಟ್‌ಗಳಲ್ಲೂ ತುದಿಯ ಲೆಕ್ಕ ಹೆಚ್ಚುಕಡಿಮೆ ಇಷ್ಟೇ. ನಡುವೆ ಉಬ್ಬು ಬಿಟ್ಟರೆ ಒಂದೂವರೆ ಮಿ.ಮೀ. ವರೆಗೆ ಸಿಗುತ್ತದೆ.

20 ಮಿ.ಮೀ. ಚೌಕದ ಬ್ಲ್ಯಾಂಕಿನ (ಕಡೆಯಲು ಕತ್ತರಿಸಿಕೊಂಡ ಮರದ ತುಂಡಿನ) ಹೊರಮೈಯಲ್ಲಿ ಕಾಣುವ ತೂತಿಗೂ ಪೆನ್ನಿನಲ್ಲಿ ಕಾಣುವ ತೂತಿಗೂ ಸಂಬಂಧವೇ ಇಲ್ಲದಿರಬಹುದು. ಹೊರಗಿನ 5 ಮಿ.ಮೀ. ಹೊಟ್ಟಾಗಿ ಹೋಗುತ್ತದೆ, ನಡುವಿನ 7 ಮಿ.ಮೀ. ಡ್ರಿಲ್ ಪಾಲು. ನಿಮ್ಮ ರೆಸಿನ್ ಗಟ್ಟಿಯಾಗಿ ಹಿಡಿದಿರಬೇಕಾದದ್ದು ಟ್ಯೂಬಿನ ಸುತ್ತಲಿನ ಆ ಒಂದು ಪದರದಲ್ಲಿ. ಯಾವ ದೋಷವನ್ನು ಯಾವಾಗ ತುಂಬಬೇಕು ಎಂಬುದನ್ನು ಈ ಪದರವೇ ನಿರ್ಧರಿಸುತ್ತದೆ. ಬ್ಲ್ಯಾಂಕಿನ ಎರಡೂ ತುದಿಯಲ್ಲಿ 7 ಮತ್ತು 10 ಮಿ.ಮೀ. ವ್ಯಾಸದ ಎರಡು ವೃತ್ತ ಬರೆದುಕೊಳ್ಳಿ. ಎರಡರ ನಡುವೆ ಬರುವ ಸುರಂಗಗಳ ಬಗ್ಗೆ ಮಾತ್ರ ತಲೆ ಕೆಡಿಸಿಕೊಂಡರೆ ಸಾಕು.

ಹುಳು ಸಾಯಬೇಕು, ಮರ ಒಣಗಬೇಕು

ಕಿತ್ತ ಕಾಂಡದೊಳಗೆ ಮರಿಹುಳು ಇನ್ನೂ ಬದುಕಿರಬಹುದು, ಬಲಿತು ದುಂಬಿಯಾಗಿ ಹೊರಬರಬಹುದು. ದುಂಬಿ ಹಾರುವ ಕಾಲ ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್. ತೋಟದ ಹತ್ತಿರ ಹಸಿ ಕಾಂಡವನ್ನು ರಾಶಿ ಹಾಕಿಟ್ಟುಕೊಂಡರೆ ಪಕ್ಕದ ಗಿಡಗಳಿಗೆ ಹುಳು ಹಂಚಿದಂತೆಯೇ. ತಂದ ದಿನವೇ ಸಿಪ್ಪೆ ಸುಲಿದು ಸುಟ್ಟುಬಿಡಿ, ಕಾಂಡವನ್ನು 25 ಮಿ.ಮೀ. ಚೌಕದ ಕೋಲುಗಳಾಗಿ ಸೀಳಿ, ಹಳೆಯ ಓವನ್‌ನಲ್ಲಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕೈದು ಗಂಟೆ ಇಡಿ. ಪ್ಯಾಕಿಂಗ್ ಮರದ ಅಂತರರಾಷ್ಟ್ರೀಯ ನಿಯಮ ಕೇಳುವುದು ಮರದ ನಡುಭಾಗ 56 ಡಿಗ್ರಿಯಲ್ಲಿ 30 ನಿಮಿಷ ಇರಬೇಕೆಂದು. 25 ಮಿ.ಮೀ. ಕೋಲಿಗೆ ನಾಲ್ಕು ಗಂಟೆ ಧಾರಾಳ. ಅಡುಗೆಗೆ ಬಳಸುವ ಓವನ್ ಬೇಡ.

ಉಂಡೆ ಕಾಂಡವನ್ನೇ ಒಣಗಿಸಿದರೆ ತಿರುಳಿನಿಂದ ಹೊರಕ್ಕೆ ಸೀಳು ಬಿಡುವುದು ಖಂಡಿತ. ಸೀಳಿದ ಕೋಲುಗಳ ತುದಿಗೆ ಮೇಣ ಬಳಿದು, ನೆರಳಲ್ಲಿ ಗಾಳಿಯಾಡುವಂತೆ ಎರಡು ಮೂರು ತಿಂಗಳು ಪೇರಿಸಿಡಿ. ವಾರಕ್ಕೊಮ್ಮೆ ತೂಕ ನೋಡಿ. ಸತತ ಮೂರು ವಾರ ತೂಕ ಬದಲಾಗದಿದ್ದರೆ ಒಣಗಿದೆ. ಮಲೆನಾಡಿನ ಮಳೆಗಾಲದಲ್ಲಿ ಈ ತೂಕ ನಿಲ್ಲುವುದೇ ಇಲ್ಲ, ಆಗ ಕೋಲನ್ನು ತುಂಬುವ ಹಿಂದಿನ ದಿನ 50 ಡಿಗ್ರಿಯಲ್ಲಿ ಆರೇಳು ಗಂಟೆ ಇಟ್ಟು, ತಣಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿಡಿ. ಹಸಿ ಇದ್ದಾಗ ರೆಸಿನ್ ತುಂಬಿದರೆ ಮರ ಆಮೇಲೆ ಕುಗ್ಗುತ್ತದೆ, ರೆಸಿನ್ ಕುಗ್ಗುವುದಿಲ್ಲ. ತೇಪೆಯ ಅಂಚಿನಲ್ಲಿ ಹೊಸ ಬಿರುಕು ಬಿಡುವುದು ಇದರಿಂದಲೇ.

ಸುರಂಗ ಖಾಲಿ ಮಾಡುವುದು

ಇಲ್ಲಿ ಅವಸರ ಮಾಡಿದವರೇ ಹೆಚ್ಚು. ಕಾಂಡಕೊರಕದ ಸುರಂಗ ಟೊಳ್ಳಲ್ಲ. ಹುಳು ಅಗಿದು ಬಿಟ್ಟ ಪುಡಿ ಅದರಲ್ಲಿ ಗಟ್ಟಿಯಾಗಿ ಜಡಿದಿರುತ್ತದೆ, ಮೇಲಿಂದ ನೋಡಿದರೆ ಮರದ ಬಣ್ಣವೇ, ಗುರುತೇ ಸಿಗುವುದಿಲ್ಲ. ಈ ಪುಡಿಯ ಮೇಲೆ ರೆಸಿನ್ ಸುರಿದರೆ ಮೇಲಿನ ಒಂದು ಪದರ ಗಟ್ಟಿಯಾಗಿ, ಕೆಳಗೆ ಪುಡಿ ಹಾಗೇ ಉಳಿಯುತ್ತದೆ. ಕಡೆಯುತ್ತ ಆ ಮುಚ್ಚಳ ಸವೆದ ಕ್ಷಣ ಎಲ್ಲ ಉದುರುತ್ತದೆ.

ಸೈಕಲ್ ಚಕ್ರದ ಕಡ್ಡಿಯೊಂದನ್ನು ತೆಗೆದುಕೊಂಡು ತುದಿಯನ್ನು ಚಪ್ಪಟೆಯಾಗಿ ಬಡಿದು, 2 ಮಿ.ಮೀ. ಕೊಕ್ಕೆಯ ಹಾಗೆ ಬಗ್ಗಿಸಿ. ಕೆದಕುವಾಗ ಕೈಗೆ ವ್ಯತ್ಯಾಸ ತಿಳಿಯುತ್ತದೆ: ಪುಡಿ ಇರುವಲ್ಲಿ ಕಡ್ಡಿ ಹಸಿ ಬೆಲ್ಲದೊಳಗೆ ಹೋದಂತೆ ಮೆತ್ತಗೆ ಇಳಿಯುತ್ತದೆ, ಮರ ಸಿಕ್ಕಾಗ ಕರಕ್ ಎಂದು ಸದ್ದು ಮಾಡುತ್ತದೆ. ಆ ಸದ್ದು ಎಲ್ಲ ಗೋಡೆಗಳಿಂದಲೂ ಬರುವವರೆಗೆ ಕೆದಕಿ. ಬ್ಲ್ಯಾಂಕನ್ನು ತಲೆಕೆಳಗು ಮಾಡಿ ಬೆಂಚಿಗೆ ತಟ್ಟಿ, ಕೊನೆಗೆ ಗಾಳಿ ಊದಿ. ಕನ್ನಡಕ, ಮಾಸ್ಕ್ ಕಡ್ಡಾಯ, ಈ ಪುಡಿ ಕಣ್ಣಿಗೂ ಶ್ವಾಸಕ್ಕೂ ಒಳ್ಳೆಯದಲ್ಲ. ನೀರಿನಲ್ಲಿ ತೊಳೆಯಬೇಡಿ.

ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗಾದ ಭಾಗವಿದ್ದರೆ ಅದು ಬೆಂಡು. ಅಂಥ ಜಾಗ ಚಿಕ್ಕದಾಗಿದ್ದರೆ ತೆಳು ಸೂಪರ್ ಗ್ಲೂ ಕುಡಿಸಿದರೆ ಸಾಕು. ಇಡೀ ಬ್ಲ್ಯಾಂಕ್ ಹಾಗಿದ್ದರೆ ಶಾಖದಿಂದ ಗಟ್ಟಿಯಾಗುವ ಸ್ಟೆಬಿಲೈಸಿಂಗ್ ರೆಸಿನ್‌ನಲ್ಲಿ ಮುಳುಗಿಸಿ ನಿರ್ವಾತದಲ್ಲಿ ಗಾಳಿ ತೆಗೆದು, ಸುಮಾರು 93 ಡಿಗ್ರಿಯಲ್ಲಿ ಬೇಯಿಸಬೇಕು. ಅದಕ್ಕೆ ಮೊದಲು ಮರವನ್ನು 104 ಡಿಗ್ರಿಯಲ್ಲಿ ಒಂದು ದಿನ ಇಟ್ಟು ತೇವ ಪೂರ್ತಿ ತೆಗೆದಿರಬೇಕು. ಬೆಂಗಳೂರಿನವರಿಗೆ ಒಂದು ಮಾತು: ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವುದರಿಂದ ಇಲ್ಲಿ ನಿರ್ವಾತದ ಗೇಜು 27 ಇಂಚಿನ (ಪಾದರಸದ ಅಳತೆ) ಹತ್ತಿರ ಬಂದು ನಿಲ್ಲುತ್ತದೆ. ಕೈಪಿಡಿ 29 ಎನ್ನುತ್ತದೆಂದು ಪಂಪು ಬದಲಾಯಿಸಲು ಹೋಗಬೇಡಿ, ಪಂಪಿನಲ್ಲಿ ದೋಷವಿಲ್ಲ.

ಯಾವ ಸಂದಿಗೆ ಯಾವ ಅಂಟು

ಕೂದಲೆಳೆಯ ಬಿರುಕಿಗೆ, ಅಂದರೆ 0.2 ಮಿ.ಮೀ.ಗಿಂತ ಕಡಿಮೆ ಇದ್ದರೆ, ನೀರಿನಷ್ಟು ತೆಳುವಾದ ಸೂಪರ್ ಗ್ಲೂ. ತಾನಾಗಿ ಒಳಗೆ ಹರಿಯುತ್ತದೆ, ಬೇರೆ ಯಾವುದೂ ಹರಿಯುವುದಿಲ್ಲ. 1 ಮಿ.ಮೀ. ವರೆಗಿನ ಸಂದಿಗೆ ಮರದ ಪುಡಿ ಮತ್ತು ಅದೇ ಅಂಟು. ಅದಕ್ಕಿಂತ ದೊಡ್ಡದಕ್ಕೆಲ್ಲ ಎಪಾಕ್ಸಿ, ಅಂದರೆ ರೆಸಿನ್ ಮತ್ತು ಹಾರ್ಡನರ್ ಎಂಬ ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು. ಸೂಪರ್ ಗ್ಲೂ ದಪ್ಪಗೆ ಸುರಿದರೆ ಮೇಲೆ ಗಟ್ಟಿಯಾಗಿ ಒಳಗೆ ದಿನಗಟ್ಟಲೆ ಹಸಿ ಉಳಿಯುತ್ತದೆ, ಒಣಗಿದ ಮೇಲೂ ಗಾಜಿನಂತೆ ಸಿಡಿಯುತ್ತದೆ.

ಎಪಾಕ್ಸಿಯಲ್ಲಿ 5 ನಿಮಿಷದ್ದನ್ನು ಸುರಂಗಕ್ಕೆ ಬಳಸಬೇಡಿ. ಗುಳ್ಳೆ ಮೇಲೆ ಬರುವಷ್ಟು ಹೊತ್ತೇ ಅದು ಕೊಡುವುದಿಲ್ಲ, ಗಟ್ಟಿಯಾದ ಮೇಲೂ ಸ್ವಲ್ಪ ರಬ್ಬರಿನ ಗುಣ ಉಳಿದು ಉಳಿಗೆ ಅಂಟುತ್ತದೆ. 24 ಗಂಟೆಯದೇ ಬೇಕು. ಹಾರ್ಡ್‌ವೇರ್ ಅಂಗಡಿಯ ಅರಾಲ್ಡೈಟ್ ಸ್ಟ್ಯಾಂಡರ್ಡ್ ಬಲವಾದದ್ದೇ, ಆದರೆ ಜೇನಿಗಿಂತ ಮಂದ, ಹಳದಿ ಛಾಯೆ ಬೇರೆ. ತೆರೆದ ದೊಡ್ಡ ಗುಂಡಿಗೆ ಆಗುತ್ತದೆ. 4 ಮಿ.ಮೀ. ಸುರಂಗಕ್ಕೆ ಇಳಿಯಬೇಕಾದರೆ ಎರಕಕ್ಕೆಂದೇ ಮಾರುವ ತೆಳು ಎಪಾಕ್ಸಿ ಒಳ್ಳೆಯದು. ಯುವಿ ಬೆಳಕಿಗೆ ಗಟ್ಟಿಯಾಗುವ ರೆಸಿನ್ ಇಲ್ಲಿ ಉಪಯೋಗಕ್ಕೆ ಬಾರದು. ಬಣ್ಣ ಬೆರೆಸಿದರೆ ಬೆಳಕು ತಳ ಮುಟ್ಟುವುದಿಲ್ಲ.

ಬಣ್ಣದ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತ: ಕಾಫಿ ಮರದ ಸುರಂಗವನ್ನು ಮರದ ಬಣ್ಣದಲ್ಲೇ ಮುಚ್ಚಿಡಲು ಹೋಗಬೇಡಿ. ಮರದ ಪುಡಿ ರೆಸಿನ್ ಕುಡಿದಾಗ ಎರಡು ಮೂರು ಛಾಯೆ ಕಪ್ಪಾಗುತ್ತದೆ. ಬೆಣ್ಣೆ ಬಣ್ಣದ ಮರದ ಮೇಲೆ ಅದು ಕೊಳೆಯ ಹಾಗೆ ಕಾಣುತ್ತದೆ. ಗಾಢ ಕಂದು ಅಥವಾ ಕಪ್ಪು ತುಂಬಿದರೆ ಸುರಂಗದ ಗೆರೆ ಸ್ಪಷ್ಟವಾಗಿ, ಬರೆದಂತೆ ನಿಲ್ಲುತ್ತದೆ. ಕಾಫಿ ಮರಕ್ಕೆ ಕಾಫಿ ಪುಡಿಯನ್ನೇ ಬೆರೆಸಬಹುದು, ಬಣ್ಣ ಬಹಳ ಚೆನ್ನಾಗಿ ಹೊಂದುತ್ತದೆ. ಆದರೆ ಚಿಕೋರಿ ಬೆರೆತ ಪುಡಿ ಬೇಡ, ಅದು ತೇವ ಹೀರಿ ಉಂಡೆ ಕಟ್ಟುತ್ತದೆ. ಶುದ್ಧ ಪುಡಿಯನ್ನು ಹುರಿದು ತೇವ ತೆಗೆದು, ಸಣ್ಣ ಜರಡಿಯಲ್ಲಿ ಆಡಿಸಿ, ರೆಸಿನ್‌ನ ಕಾಲು ಭಾಗದಷ್ಟು ಗಾತ್ರ ಸೇರಿಸಿ. ಹೆಚ್ಚಾದರೆ ಹರಿಯದು. ಮೈಕಾ ಪುಡಿಯಾದರೆ ತೂಕದ ನೂರಕ್ಕೆ ಒಂದೆರಡು ಪಾಲು ಸಾಕು. ಹಿತ್ತಾಳೆ ಪುಡಿಯೂ ಚಂದ, ಉಳಿ ತಡೆದುಕೊಳ್ಳುವಷ್ಟು ಮೃದು. ಪಚ್ಚೆನೀಲಿ ಟರ್ಕ್ವಾಯ್ಸ್ ಕಲ್ಲಿನ ಪುಡಿ ಗಡಸು, ಹೈಸ್ಪೀಡ್ ಸ್ಟೀಲ್ ಉಳಿಯ ಅಂಚು ಬೇಗ ಹೋಗುತ್ತದೆ.

ಬೆರೆಸಿ ಸುರಿಯುವುದು

4 ಮಿ.ಮೀ. ಅಗಲ, 60 ಮಿ.ಮೀ. ಉದ್ದದ ಸುರಂಗಕ್ಕೆ ಬೇಕಾಗುವ ರೆಸಿನ್ 0.75 ಮಿ.ಲೀ. ಅಂಥವು ಮೂರಿದ್ದರೂ ಎರಡೂಕಾಲು ಮಿ.ಲೀ. ಆಯಿತು. ಹಾಗೆಂದು ಎರಡೂಕಾಲನ್ನೇ ಬೆರೆಸಬೇಡಿ. ಅಷ್ಟು ಕಡಿಮೆಯಲ್ಲಿ ಎರಡು ಹನಿ ಹೆಚ್ಚುಕಡಿಮೆಯಾದರೂ ಪ್ರಮಾಣ ಕೆಟ್ಟು, ರೆಸಿನ್ ಎಂದೆಂದಿಗೂ ಅಂಟಂಟಾಗಿ ಉಳಿಯುತ್ತದೆ. ಕನಿಷ್ಠ 8ರಿಂದ 10 ಮಿ.ಲೀ. ಬೆರೆಸಿ, ಮೂರು ನಾಲ್ಕು ಬ್ಲ್ಯಾಂಕ್ ಒಟ್ಟಿಗೆ ತುಂಬಿ. ಚಿನ್ನ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಇದಕ್ಕೆ ಒಳ್ಳೆಯದು. ಒಂದು ಎಚ್ಚರ: ಡಬ್ಬಿಯ ಮೇಲಿನ 2:1 ಗಾತ್ರದ ಲೆಕ್ಕವೋ ತೂಕದ ಲೆಕ್ಕವೋ ಓದಿಕೊಳ್ಳಿ. ಹಾರ್ಡನರ್ ರೆಸಿನ್‌ಗಿಂತ ಹಗುರ, ಎರಡೂ ಲೆಕ್ಕ ಒಂದೇ ಅಲ್ಲ. ಅರಾಲ್ಡೈಟ್ ಸ್ಟ್ಯಾಂಡರ್ಡ್‌ಗೆ ಗಾತ್ರದಲ್ಲಿ 1:1, ತೂಕದಲ್ಲಿ 100ಕ್ಕೆ 80.

ಮೂರು ನಿಮಿಷ ನಿಧಾನವಾಗಿ, ಲೋಟದ ಗೋಡೆ ಮತ್ತು ತಳ ಕೆರೆಯುತ್ತ ಕಲಸಿ. ಆಮೇಲೆ ಇನ್ನೊಂದು ಲೋಟಕ್ಕೆ ಸುರಿದು ಮತ್ತೆ ಒಂದು ನಿಮಿಷ. ಮೊದಲ ಲೋಟದ ಗೋಡೆಗೆ ಅಂಟಿದ, ಸರಿಯಾಗಿ ಬೆರೆಯದ ರೆಸಿನ್ ಅಲ್ಲೇ ಉಳಿಯಲೆಂದೇ ಈ ಎರಡನೆಯ ಲೋಟ. ಬಣ್ಣದ ಪುಡಿ ಕೊನೆಗೆ. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಎಪಾಕ್ಸಿ ಪದೇಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಹತ್ತುತ್ತದೆ, ಹತ್ತಿದ ಮೇಲೆ ಬಿಡುವುದು ಕಷ್ಟ.

ಬ್ಲ್ಯಾಂಕಿನ ಮೂರು ಮುಖಕ್ಕೂ ಎರಡು ತುದಿಗೂ ಪ್ಯಾಕಿಂಗ್ ಟೇಪು ಬಿಗಿಯಾಗಿ ಸುತ್ತಿ. ಸುರಂಗಗಳು ಒಳಗೊಳಗೇ ಕೂಡಿಕೊಂಡಿರುತ್ತವೆ, ಒಂದು ಬಾಯಿಗೆ ಸುರಿದದ್ದು ಇನ್ನೊಂದರಿಂದ ಸೋರಿಹೋಗುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಗುಂಡಿ ಅರ್ಧ ಖಾಲಿಯಾಗಿ, ಬೆಂಚಿನ ಮೇಲೆ ರೆಸಿನ್ ಕೆರೆಯಾಗಿರುವುದು ಇದರಿಂದ. ತುದಿಯ ಟೇಪಿನ ಅಂಚಿಗೆ ಹಾಟ್ ಗ್ಲೂ ಹಚ್ಚಿದರೆ ಭದ್ರ.

ಗುಳ್ಳೆ ತಪ್ಪಿಸುವ ಸುಲಭ ಉಪಾಯವೊಂದಿದೆ, ಪ್ರೆಶರ್ ಪಾಟ್ (ಗಾಳಿಯ ಒತ್ತಡದಲ್ಲಿ ರೆಸಿನ್ ಗಟ್ಟಿಯಾಗಲು ಬಿಡುವ ಪಾತ್ರೆ) ಇಲ್ಲದವರಿಗೆ ಇದೇ ಆಧಾರ. ಬ್ಲ್ಯಾಂಕನ್ನು 45 ಡಿಗ್ರಿಯವರೆಗೆ ಬಿಸಿ ಮಾಡಿ, ಶಾಖದಿಂದ ಹೊರತೆಗೆದ ಕೂಡಲೇ ರೆಸಿನ್ ಸುರಿಯಿರಿ. ತಣಿಯುತ್ತ ಮರದೊಳಗಿನ ಗಾಳಿ ಕುಗ್ಗುತ್ತದೆ, ರೆಸಿನ್ ಒಳಕ್ಕೆ ಎಳೆದುಕೊಳ್ಳುತ್ತದೆ. ತಣ್ಣನೆಯ ಮರಕ್ಕೆ ಸುರಿದು ಆಮೇಲೆ ಬಿಸಿಲಿಗಿಟ್ಟರೆ ಇದರ ತದ್ವಿರುದ್ಧ: ಗಾಳಿ ಹಿಗ್ಗಿ ಗಂಟೆಗಟ್ಟಲೆ ಗುಳ್ಳೆ ಉಗುಳುತ್ತಿರುತ್ತದೆ. ಬಿಸಿ ಮರದಲ್ಲಿ ರೆಸಿನ್ ಬೇಗ ಗಟ್ಟಿಯಾಗುತ್ತದೆ, 10 ಡಿಗ್ರಿ ಹೆಚ್ಚಾದರೆ ಕೆಲಸದ ಸಮಯ ಸುಮಾರು ಅರ್ಧವಾಗುತ್ತದೆ ಎಂಬುದು ನೆನಪಿರಲಿ. ಸೂಜಿಯಿಲ್ಲದ ಸಿರಿಂಜಿನಿಂದ ಒಂದು ಬದಿಯಿಂದ ತುಂಬುತ್ತ ಬನ್ನಿ, ಗಾಳಿ ಇನ್ನೊಂದು ಬದಿಯಿಂದ ಹೊರಹೋಗಲಿ. ಅರ್ಧ ಗಂಟೆಗೊಮ್ಮೆ ನೋಡಿ, ಇಳಿದಷ್ಟು ಮತ್ತೆ ತುಂಬಿ. ಅಂಚಿಗಿಂತ 1 ಮಿ.ಮೀ. ಉಬ್ಬಿರಲಿ.

ಪ್ರೆಶರ್ ಪಾಟ್ ಇದ್ದರೆ 40ರಿಂದ 60 ಪಿಎಸ್‌ಐ ಒತ್ತಡದಲ್ಲಿ ಗಟ್ಟಿಯಾಗುವವರೆಗೆ ಇಡಿ. ಉಳಿದ ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಚಿಕ್ಕದಾಗುತ್ತವೆ. ಅಡುಗೆಮನೆಯ ಕುಕ್ಕರ್ ಇದಕ್ಕೆ ಬೇಡವೇ ಬೇಡ. ಅದು ಕೆಲಸ ಮಾಡುವುದು 15 ಪಿಎಸ್‌ಐ ಆಸುಪಾಸಿನಲ್ಲಿ, ಕಂಪ್ರೆಸರ್ ಜೋಡಿಸಿದರೆ ಮುಚ್ಚಳ ಸಿಡಿದು ಪ್ರಾಣಕ್ಕೇ ಅಪಾಯ.

24 ಗಂಟೆಗೆ ರೆಸಿನ್ ಮುಟ್ಟಲು ಗಟ್ಟಿ. ಕೊರೆಯಲು 48 ಗಂಟೆ, ಮಳೆಗಾಲದಲ್ಲಿ 72 ಗಂಟೆ ಕಾಯಿರಿ. ಮೇಲೆ ಜಿಡ್ಡಿನಂಥ ಪದರ ಕಂಡರೆ ಅದು ಗಾಳಿಯ ತೇವದ ಫಲ, ಬೆಚ್ಚಗಿನ ಸೋಪು ನೀರಿನ ಬಟ್ಟೆಯಿಂದ ರೆಸಿನ್‌ನ ಮೇಲಷ್ಟೇ ಒರೆಸಿದರೆ ಹೋಗುತ್ತದೆ. ಉಗುರು ಇಳಿಯುವಂತಿದ್ದರೆ ಪ್ರಮಾಣ ತಪ್ಪಿದೆ. ಕಾದು ಉಪಯೋಗವಿಲ್ಲ, ಕೆರೆದು ತೆಗೆದು ಮತ್ತೆ ತುಂಬಬೇಕು.

ಕೊರೆಯುವುದು, ಟ್ಯೂಬ್ ಅಂಟಿಸುವುದು

ದೊಡ್ಡ ಸುರಂಗಗಳನ್ನು ಡ್ರಿಲ್ ಮಾಡುವ ಮೊದಲೇ ತುಂಬುವುದು ಏಕೆಂದರೆ ಡ್ರಿಲ್ ಬಿಟ್ ಸುಲಭದ ದಾರಿ ಹುಡುಕುತ್ತದೆ. ಪಕ್ಕದಲ್ಲಿ ಟೊಳ್ಳಿದ್ದರೆ ಅತ್ತ ವಾಲಿ, ರಂಧ್ರ ಸೊಟ್ಟಗಾಗುತ್ತದೆ. ತುಂಬಿದ ಬ್ಲ್ಯಾಂಕಿನಲ್ಲಿ 500ರಿಂದ 800 ಆರ್‌ಪಿಎಂ ಸಾಕು, 10 ಮಿ.ಮೀ.ಗೊಮ್ಮೆ ಬಿಟ್ ಹೊರಗೆಳೆದು ಹೊಟ್ಟು ತೆಗೆಯಿರಿ. ಬಿಟ್ ಬೆರಳಿಗೆ ಚುರುಕು ಮುಟ್ಟಿಸುವಷ್ಟು ಬಿಸಿಯಾದರೆ ನಿಲ್ಲಿಸಿ. ಆ ಶಾಖಕ್ಕೆ ಎಪಾಕ್ಸಿ ಮೆತ್ತಗಾಗಿ ಬಿಟ್ಟಿಗೆ ಅಂಟಿಕೊಂಡು ಮರವನ್ನೇ ಸೀಳುತ್ತದೆ. ಬ್ಲ್ಯಾಂಕ್ ಟ್ಯೂಬಿಗಿಂತ 5 ಮಿ.ಮೀ. ಉದ್ದವಿರಲಿ, ಬಿಟ್ ಹೊರಬರುವ ತುದಿ ಕಿತ್ತುಹೋದರೂ ಆಮೇಲೆ ಕತ್ತರಿಸಿ ಎಸೆಯಬಹುದು.

ಈಗ ರಂಧ್ರದೊಳಗೆ ಸಣ್ಣ ಎಲ್‌ಇಡಿ ಟಾರ್ಚ್ ಹಿಡಿದು, ಕತ್ತಲೆಯಲ್ಲಿ ಬ್ಲ್ಯಾಂಕನ್ನು ನಿಧಾನವಾಗಿ ತಿರುಗಿಸಿ. ತುಂಬದೆ ಉಳಿದ ಸುರಂಗವಿದ್ದರೆ ಬೆಳಕು ಚುಕ್ಕಿಯಾಗಿ ಆಚೆ ಬರುತ್ತದೆ. ಆ ಜಾಗಗಳಿಗೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ.

ಟ್ಯೂಬನ್ನು 150 ನಂಬರ್ ಸ್ಯಾಂಡ್ ಪೇಪರ್‌ನಿಂದ ಅಡ್ಡಡ್ಡ ಉಜ್ಜಿ, ನೀವು ತುಂಬಿದ ರೆಸಿನ್‌ನ ಬಣ್ಣವನ್ನೇ ಬಳಿಯಿರಿ. ಅರ್ಧ ಮಿ.ಮೀ. ದಪ್ಪದ ಕಂದು ರೆಸಿನ್ ಮೂಲಕ ಹಿತ್ತಾಳೆ ಹಳದಿಯಾಗಿ ಹೊಳೆಯುತ್ತದೆ, ಪೆನ್ನು ಮುಗಿಯುವವರೆಗೂ ಇದು ಗೊತ್ತಾಗುವುದಿಲ್ಲ. ರಂಧ್ರದ ಒಳಗೋಡೆಗೂ ಒಂದು ಕೈ ಬಳಿದರೆ ಇನ್ನೂ ಒಳ್ಳೆಯದು. ಅಂಟಿಸಲು ಸೂಪರ್ ಗ್ಲೂ ಬೇಡ, ಎಪಾಕ್ಸಿ ಇರಲಿ. ಟ್ಯೂಬಿನ ಪಕ್ಕದಲ್ಲಿ ಬಾಯಿ ತೆರೆದ ಸುರಂಗಗಳನ್ನೂ ಅದೇ ತುಂಬಿಕೊಳ್ಳುತ್ತದೆ. ಅಂಟು ಟ್ಯೂಬಿನೊಳಗೆ ಹೋಗದಿರಲು ಟ್ಯೂಬಿನ ತುದಿಯನ್ನು ಹಸಿ ಆಲೂಗಡ್ಡೆಯ ಬಿಲ್ಲೆಗೆ ಒತ್ತಿ, ಬಿರಡೆಯ ಹಾಗೆ ಒಂದು ಚೂರು ಕೂರುತ್ತದೆ. ತಿರುಗಿಸುತ್ತ ಒಳಗೆ ತಳ್ಳಿ.

ಕಡೆಯುವಾಗ 10 ಮಿ.ಮೀ.ಗೆ ನಿಲ್ಲಿ

ಮುಖಕವಚ ಹಾಕಿಕೊಳ್ಳಿ, ಹುಳುಕು ಮರ ಎಚ್ಚರಿಕೆ ಕೊಡದೆ ಒಡೆಯುತ್ತದೆ. ಚೌಕ ದುಂಡಗಾಗುವವರೆಗೆ 1500 ಆರ್‌ಪಿಎಂ, ಆಮೇಲೆ 2000ದಿಂದ 2500. ತೆಳುವಾಗಿ ಸವರುವಂತೆ ಕಡೆಯಿರಿ. ಉಳಿಯನ್ನು ನೇರ ಒತ್ತಿದರೆ ರೆಸಿನ್‌ನ ಅಂಚು ಕಿತ್ತುಬರುತ್ತದೆ.

ವರ್ನಿಯರ್ 10 ಮಿ.ಮೀ. ತೋರಿಸಿದಾಗ ಲೇತ್ ನಿಲ್ಲಿಸಿ. ಕೈಯಿಂದ ತಿರುಗಿಸುತ್ತ ಸೂಜಿಯಿಂದ ಇಡೀ ಮೈ ತಡವಿ. ಸೂಜಿ ಇಳಿದಲ್ಲೆಲ್ಲ ಕೊನೆಯ ಪದರದ ದೋಷವಿದೆ, ಈಗ ತುಂಬಿದ್ದೇ ಪೆನ್ನಿನಲ್ಲಿ ಕಾಣುವುದು. ಆದರೆ ತಿಳಿ ಮರದ ಮೇಲೆ ತೆಳು ಸೂಪರ್ ಗ್ಲೂ ಬಿದ್ದರೆ ಸುತ್ತ ಎಣ್ಣೆ ಕಲೆಯಂತೆ ಹರಡುತ್ತದೆ, ಸ್ಯಾಂಡ್ ಪೇಪರ್‌ಗೂ ಹೋಗುವುದಿಲ್ಲ. ಅದಕ್ಕೆ ಮೊದಲು ಮೇಣ ತೆಗೆದ ಶೆಲ್ಲಾಕ್ ಸವರಿ. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣದೊಂದಿಗೆ ಹತ್ತಿಸುವ ಅರಗೇ ಇದರ ಮೂಲ. 10 ಗ್ರಾಂ ಚಕ್ಕೆಯನ್ನು 90 ಗ್ರಾಂ ಶುದ್ಧ ಸ್ಪಿರಿಟ್‌ನಲ್ಲಿ ರಾತ್ರಿಯಿಡೀ ಕರಗಿಸಿದರೆ ಹದ ಸರಿ. ಎರಡು ಕೈ ಬಳಿದು ಅರ್ಧ ಗಂಟೆ ಒಣಗಲು ಬಿಡಿ.

ಆಮೇಲೆ ಗುಂಡಿಗೆ ಪುಡಿ ಒತ್ತಿ, ಮೇಲೆ ಒಂದೇ ಹನಿ ಅಂಟು. 1 ಮಿ.ಮೀ.ಗಿಂತ ಆಳವಿದ್ದರೆ ಎರಡು ಮೂರು ಸಲ. ಆಕ್ಸಿಲರೇಟರ್ ಸ್ಪ್ರೇ ಬೇಕೆನಿಸಿದರೆ ಒಂದಡಿ ದೂರದಿಂದ ಲಘುವಾಗಿ. ಹತ್ತಿರದಿಂದ ಹೊಡೆದರೆ ಅಂಟು ಕುದಿದು ಬಿಳಿ ನೊರೆಯಾಗುತ್ತದೆ. ಒರೆಸಲು ಹತ್ತಿ ಬಟ್ಟೆ ಬಳಸಬೇಡಿ, ಸೂಪರ್ ಗ್ಲೂ ತಾಗಿದ ಹತ್ತಿ ಕೈ ಸುಡುವಷ್ಟು ಬಿಸಿಯಾಗಿ ಹೊಗೆಯಾಡುತ್ತದೆ. ಕಾಗದದ ಟವಲ್ ಸಾಕು. ಬುಶಿಂಗ್‌ಗಳಿಗೆ ಮೊದಲೇ ಮೇಣ ಸವರಿರಬೇಕು, ಇಲ್ಲವಾದರೆ ಬ್ಲ್ಯಾಂಕಿಗೆ ಅಂಟಿಕೊಂಡು, ಬಿಡಿಸುವಾಗ ತುದಿ ಒಡೆಯುತ್ತದೆ.

ಕೊನೆಯ 0.2 ಮಿ.ಮೀ. ಸ್ಯಾಂಡ್ ಪೇಪರ್‌ಗೆ ಉಳಿಸಿ: 240, 320, 400, 600. ಮರವೂ ರೆಸಿನೂ ಒಂದೇ ವೇಗದಲ್ಲಿ ಸವೆಯುವುದಿಲ್ಲ. ಬೆರಳಿನಿಂದ ಒತ್ತಿದರೆ ಮೆತ್ತಗಿನದು ತಗ್ಗಾಗುತ್ತದೆ, ಆದ್ದರಿಂದ ಪೇಪರ್ ಹಿಂದೆ ಚಪ್ಪಟೆ ಮರದ ತುಂಡು ಹಿಡಿಯಿರಿ. ಪ್ರತಿ ನಂಬರ್ ಮುಗಿದಾಗ ಲೇತ್ ನಿಲ್ಲಿಸಿ, ಉದ್ದುದ್ದಕ್ಕೆ ನಾಲ್ಕು ಸಲ ಉಜ್ಜಿ. ಕಪ್ಪು ರೆಸಿನ್‌ನ ಪುಡಿ ತಿಳಿ ಮರದ ರಂಧ್ರಗಳಿಗೆ ಸೇರಿ ಇಡೀ ಪೆನ್ನು ಮಬ್ಬಾಗುವುದುಂಟು. ಗಾಳಿ ಊದಿ, ಒಣ ಬ್ರಷ್‌ನಿಂದ ತೆಗೆಯಿರಿ. ಸ್ಪಿರಿಟ್ ಹಾಕಿ ಒರೆಸಿದರೆ ಕೆಳಗಿನ ಶೆಲ್ಲಾಕ್ ಕರಗಿ ಆ ಕಪ್ಪು ಇನ್ನೂ ಒಳಕ್ಕಿಳಿಯುತ್ತದೆ.

ಮೇಲಿನ ಹೊಳಪಿಗೆ ಸೂಪರ್ ಗ್ಲೂ ತೆಳು ಪದರ ಎಂಟರಿಂದ ಹತ್ತು ಬೇಕು. ಕಿಟಕಿ ತೆರೆದಿಡಿ, ಆವಿ ಕಣ್ಣು ಉರಿಸುತ್ತದೆ. ತೇಪೆಯ ಮೇಲೆ ತಗ್ಗು ಕಂಡರೆ ಮೊದಲ ಮೂರು ಪದರ ಆದಮೇಲೆ ಮಧ್ಯಮ ದಪ್ಪದ ಅಂಟಿನ ಒಂದು ಹನಿ ಅಲ್ಲಿಗಷ್ಟೇ ಇಟ್ಟು, ಒಣಗಿದ ಮೇಲೆ 400ರಲ್ಲಿ ಸಮ ಮಾಡಿ ಉಳಿದ ಪದರಗಳನ್ನು ಮುಂದುವರಿಸಿ. ಹೊಳಪು ಕೊಟ್ಟ ಪೆನ್ನನ್ನು ಕಿಟಕಿಯ ಓರೆ ಬೆಳಕಿಗೆ ಹಿಡಿದಾಗ ಸುರಂಗದ ಅಂಚಿನಲ್ಲಿ ಬೆಳಕು ಮುರಿಯದೆ ನೇರ ಹರಿದರೆ ಒತ್ತುವ ಕೆಲಸಕ್ಕೆ ಹೋಗಬಹುದು. ಮುರಿದರೆ ಮತ್ತೆ 400ಕ್ಕೆ ಹಿಂತಿರುಗಿ. ಕಿಟ್ ಭಾಗಗಳನ್ನು ಒತ್ತಿ ಕೂರಿಸಿದ ಮೇಲೆ ಅದನ್ನು ಸರಿಪಡಿಸಲು ಆಗುವುದಿಲ್ಲ.